ಫಾರ್ಮಲಿನ್‌ಗೆ ಹಾಕುವ ಮೊದಲು ಒಂದು ಚೂರು

ಮಾನ್ಯ ಸಂಪಾದಕರೆ,

ಫೆಬ್ರುವರಿ ತಿಂಗಳ ಕೊನೆಯ ದಿನವನ್ನು ಅಪರೂಪದ ಕಾಯಿಲೆಗಳ ದಿನವೆಂದು ಆಚರಿಸುತ್ತಾರೆ. ಆ ಹೊತ್ತಿಗೆ ಪ್ರತಿವರ್ಷ ಪತ್ರಿಕೆಗಳಲ್ಲಿ ಕೋಟಿಗಟ್ಟಲೆ ಬೆಲೆಯ ಔಷಧಗಳ ಬಗ್ಗೆ, ಅವನ್ನು ಕೊಳ್ಳಲಾಗದ ತಂದೆತಾಯಿಗಳ ಬಗ್ಗೆ ಲೇಖನಗಳು ಬರುತ್ತವೆ, ಬರಲೇಬೇಕು. ಆದರೆ ಔಷಧ ಹುಟ್ಟುವುದಕ್ಕೆ ಬಹಳ ಮೊದಲು ಆ ಕಾಯಿಲೆಯ ಜೀವಕೋಶಗಳು ಪ್ರಯೋಗಾಲಯದ ಪ್ಲಾಸ್ಟಿಕ್ ಫ್ಲಾಸ್ಕಿನಲ್ಲಿ ಬದುಕಿ ಬೆಳೆಯಬೇಕಾಗುತ್ತದೆ ಎಂಬುದನ್ನು ಯಾರಾದರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಮೂವತ್ತು ವರ್ಷ ಇದೇ ಕೋಶ ಬೆಳೆಸುವ ಕೆಲಸ ಮಾಡಿ ನಿವೃತ್ತನಾದವನು ನಾನು. ಥೈಮಸ್ ಗ್ರಂಥಿಯ ಗಡ್ಡೆ ಎಂಬ ಒಂದೇ ಕಾಯಿಲೆಯನ್ನು ಹಿಡಿದು ಈ ಪತ್ರ ಬರೆಯುತ್ತಿದ್ದೇನೆ, ಏಕೆಂದರೆ ಆ ಗಡ್ಡೆ ನನ್ನ ತಂಗಿಯ ಎದೆಯಲ್ಲಿತ್ತು.

ಥೈಮಸ್ ಎಂದರೆ ಎದೆಮೂಳೆಯ ಹಿಂದೆ, ಹೃದಯದ ಮೇಲ್ಭಾಗಕ್ಕೆ ಆತುಕೊಂಡಿರುವ ಎರಡು ಹಾಲೆಗಳ ಮೆತ್ತನೆಯ ಗ್ರಂಥಿ. ಮಕ್ಕಳಲ್ಲಿ ದೊಡ್ಡದಾಗಿದ್ದು, ಪ್ರಾಯಕ್ಕೆ ಬಂದ ಮೇಲೆ ಕುಗ್ಗುತ್ತಾ ಹೋಗಿ, ವಯಸ್ಸಾದವರಲ್ಲಿ ಬಹುಪಾಲು ಕೊಬ್ಬೇ ಆಗಿಬಿಡುತ್ತದೆ. ಹುಟ್ಟಿದ ಕೂಡಲೇ ಈ ಗ್ರಂಥಿಯನ್ನು ತೆಗೆದರೆ ಇಲಿಮರಿಗಳು ಸೋಂಕು ತಡೆಯಲಾರವು ಎಂದು 1961ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಅವರು ತೋರಿಸುವವರೆಗೂ ಇದರ ಕೆಲಸವೇನೆಂಬುದು ಸ್ಪಷ್ಟವಾಗಿರಲಿಲ್ಲ. ಮೂಳೆಯ ಮಜ್ಜೆಯಿಂದ ಬಂದ ಎಳೆಯ ಟಿ ಕೋಶಗಳನ್ನು, ಎಂದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನು, ಇಲ್ಲಿ ಜರಡಿ ಹಿಡಿಯಲಾಗುತ್ತದೆ. ನಮ್ಮ ದೇಹದ ಮೇಲೆಯೇ ತಿರುಗಿಬೀಳಬಲ್ಲವು ಅಲ್ಲಿಯೇ ಸಾಯುತ್ತವೆ, ಏನಕ್ಕೂ ಬಾರದವೂ ಸಾಯುತ್ತವೆ. 100ರಲ್ಲಿ 95ಕ್ಕೂ ಹೆಚ್ಚು ಕೋಶಗಳು ಹೊರಗೆ ಬರುವುದೇ ಇಲ್ಲ. ಆ ಜರಡಿಯ ಬಲೆಯಾಗಿರುವವು ಎಪಿಥೀಲಿಯಲ್ ಕೋಶಗಳು. ಥೈಮೋಮಾ ಎಂಬ ಗಡ್ಡೆ ಏಳುವುದು ಇವುಗಳಿಂದಲೇ. ಬಲೆಯೇ ಗಡ್ಡೆಯಾಗಿ ಬೆಳೆದರೂ ಅನೇಕ ರೋಗಿಗಳಲ್ಲಿ ಅದು ಜರಡಿ ಹಿಡಿಯುವ ಕೆಲಸವನ್ನು ಬಿಡುವುದಿಲ್ಲ. ಹರಿದ ಕಣ್ಣುಗಳಿಂದಲೇ ಟಿ ಕೋಶಗಳನ್ನು ಸೋಸಿ ರಕ್ತಕ್ಕೆ ಬಿಡುತ್ತಿರುತ್ತದೆ. ಥೈಮೋಮಾ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮಯಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯು ದೌರ್ಬಲ್ಯದ ಕಾಯಿಲೆ ಕಾಣಿಸಿಕೊಳ್ಳುವುದು ಹೀಗೆ. ನರದಿಂದ ಸ್ನಾಯುವಿಗೆ ಸಂದೇಶ ದಾಟಿಸುವ ಗ್ರಾಹಕಗಳ ಮೇಲೆ ದೇಹದ ರಕ್ಷಣಾ ವ್ಯವಸ್ಥೆಯೇ ದಾಳಿ ಮಾಡುತ್ತದೆ.

ನನ್ನ ತಂಗಿಗೆ ಮೊದಲು ಜೋತುಬಿದ್ದದ್ದು ಎಡಗಣ್ಣಿನ ರೆಪ್ಪೆ. ಬೆಳಿಗ್ಗೆ ಸರಿಯಾಗಿರುತ್ತಿತ್ತು, ಸಂಜೆ ದೀಪ ಹಚ್ಚುವ ಹೊತ್ತಿಗೆ ಅರ್ಧ ಮುಚ್ಚಿರುತ್ತಿತ್ತು. ಕನ್ನಡಕ ಬದಲಾಯಿಸಿದ್ದಾಯಿತು. ಆಮೇಲೆ ಅಕ್ಕಿರೊಟ್ಟಿ ತಿನ್ನುವಾಗ ಅರ್ಧ ರೊಟ್ಟಿಗೇ ದವಡೆ ಸೋಲತೊಡಗಿತು. ಫೋನಿನಲ್ಲಿ ಮಾತು ಆರಂಭಿಸಿದಾಗ ಅವಳದೇ ದನಿ, ಹತ್ತು ನಿಮಿಷ ಕಳೆದರೆ ಮೂಗಿನಲ್ಲಿ ಮಾತಾಡುವ ಬೇರೆ ಯಾರೋ. ರಕ್ತಪರೀಕ್ಷೆಯಲ್ಲಿ ಕಾಯಿಲೆ ಗೊತ್ತಾಗಿ, ಎದೆಯ ಸಿ.ಟಿ. ಸ್ಕ್ಯಾನ್‌ನಲ್ಲಿ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಗಡ್ಡೆ ಕಂಡಿತು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು, ಅದರ ಬಗ್ಗೆ ನನ್ನ ದೂರು ಯಾವುದೂ ಇಲ್ಲ. ಥಿಯೇಟರಿನ ಹೊರಗೆ ಕಾಯುತ್ತಿದ್ದ ನನಗೆ ಮತ್ತು ಭಾವನವರಿಗೆ ಸಿಬ್ಬಂದಿಯೊಬ್ಬರು ಪ್ಲಾಸ್ಟಿಕ್ ಡಬ್ಬಿ ತಂದು ತೋರಿಸಿದರು. ಒಳಗೆ ಫಾರ್ಮಲಿನ್‌ನಲ್ಲಿ ಗಡ್ಡೆ ಮುಳುಗಿತ್ತು; ಅಂಗಾಂಶ ಕೆಡದಂತೆ ಕಾಪಾಡುವ ಈ ದ್ರಾವಣದಲ್ಲಿ ಕೋಶಗಳು ಬದುಕುವುದಿಲ್ಲ. ಹೊರಗೆ ತೆಗೆದು ಐದು ನಿಮಿಷ ಆಗಿರಬಹುದು. ಭಾವನವರು ಮುಖ ತಿರುಗಿಸಿದರು. ನಾನು ಮಾತ್ರ ಡಬ್ಬಿಯನ್ನೇ ನೋಡುತ್ತಾ ನಿಂತೆ, ಏಕೆಂದರೆ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಪ್ರಯೋಗಾಲಯಗಳು ಮಾತ್ರ ಬೆಳೆಸಬಲ್ಲ ಕೋಶಗಳು ಅಲ್ಲಿ ಒಂದೊಂದಾಗಿ ಸಾಯುತ್ತಿದ್ದವು.

ಥೈಮೋಮಾ ಎಷ್ಟು ವಿರಳವೆಂದರೆ ಅಮೆರಿಕದ ಲೆಕ್ಕದಲ್ಲಿ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬಿಬ್ಬರಿಗೆ ಬರುತ್ತದೆ. ಅದರಲ್ಲೂ ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯ ಪ್ರಕಾರ ಎ, ಎಬಿ, ಬಿ1, ಬಿ2, ಬಿ3 ಎಂಬ ಬಗೆಗಳಿವೆ, ಇವಕ್ಕಿಂತ ಉಗ್ರವಾದ ಥೈಮಸ್ ಕಾರ್ಸಿನೋಮಾ ಬೇರೆಯೇ ಇದೆ. ಇಷ್ಟು ಕಡಿಮೆ ರೋಗಿಗಳಿರುವಾಗ ದೊಡ್ಡ ಪ್ರಮಾಣದ ಔಷಧ ಪರೀಕ್ಷೆ ನಡೆಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಥೈಮಸ್ ಕಾರ್ಸಿನೋಮಾಕ್ಕೆ ಲೆನ್ವಾಟಿನಿಬ್ ಎಂಬ ಮಾತ್ರೆ ಕೆಲಸ ಮಾಡುತ್ತದೆ ಎಂದು ತೋರಿಸಿ ಜಪಾನಿನ ವೈದ್ಯರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದ್ದವರು 42 ಮಂದಿ, ಅದೂ ಹಲವು ಆಸ್ಪತ್ರೆಗಳಿಂದ ಸೇರಿಸಿದ ಮೇಲೆ. ಬೇರೆ ಕ್ಯಾನ್ಸರ್‌ಗಳಲ್ಲಿ ಹೆಸರು ಮಾಡಿದ, ಟಿ ಕೋಶಗಳ ಕಡಿವಾಣ ಸಡಿಲಿಸಿ ಗಡ್ಡೆಯ ಮೇಲೆ ಬಿಡುವ ಇಮ್ಯುನೋಥೆರಪಿಯನ್ನು ಇಲ್ಲಿ ಬಳಸಿದಾಗ ಕೆಲವು ರೋಗಿಗಳಲ್ಲಿ ಹೃದಯದ ಸ್ನಾಯುವಿಗೇ ಉರಿಯೂತ ಬಂದದ್ದುಂಟು. ಮೊದಲೇ ಅಡ್ಡಾದಿಡ್ಡಿಯಾಗಿ ತರಬೇತಾದ ಟಿ ಕೋಶಗಳ ಮೂಗುದಾರ ಬಿಚ್ಚಿದರೆ ಇನ್ನೇನಾಗುತ್ತದೆ? ರೋಗಿಯ ಮೇಲೆ ಪ್ರಯೋಗಿಸಿ ತಿಳಿಯಲಾಗದ ಇಂಥದ್ದನ್ನು ಕೋಶಗಳ ಮೇಲೆ ಪ್ರಯೋಗಿಸಿ ತಿಳಿಯಬೇಕು. ಪ್ರಾಣಿಗಳಲ್ಲಿ ನೋಡೋಣವೆಂದರೆ, ಬಫಲೋ ಎಂಬ ಹೆಸರಿನ ತಳಿಯ ಒಂದು ಶಾಖೆಯ ಇಲಿಗಳಲ್ಲಿ ತಾನಾಗಿಯೇ ಥೈಮೋಮಾ ಬರುವುದನ್ನು ಬಿಟ್ಟರೆ ಹೆಚ್ಚು ದಾರಿಗಳಿಲ್ಲ.

ಹಾಗಾದರೆ ಕೋಶಗಳನ್ನೇಕೆ ಬೆಳೆಸುತ್ತಿಲ್ಲ ಎಂದು ಓದುಗರು ಕೇಳಬಹುದು. ಬೆಳೆಸುವುದು ಕಷ್ಟ, ಬಹಳ ಕಷ್ಟ. ಇದನ್ನು ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಿ, ಏಕೆಂದರೆ ನನ್ನ ಜೀವಮಾನ ಕಳೆದದ್ದು ಇದರಲ್ಲೇ.

ಸಕ್ಕರೆ ಅಚ್ಚಿನಷ್ಟು ಗಡ್ಡೆಯ ಚೂರು ಬಂತೆಂದರೆ ಅದನ್ನು ಹುಡ್‌ನ ಒಳಗೆ, ಎಂದರೆ ಸೋಸಿದ ಗಾಳಿ ಹಾಯುವ ಗಾಜಿನ ಪೆಟ್ಟಿಗೆಯೊಳಗೆ ಇಟ್ಟು, ಎರಡು ಬ್ಲೇಡ್‌ಗಳಿಂದ ಅಡ್ಡಡ್ಡ ಉದ್ದುದ್ದ ಕೊಚ್ಚುತ್ತಾ ಹೋಗಬೇಕು, ಚಟ್ನಿಯ ಹದ ಬರುವವರೆಗೆ. ಆಮೇಲೆ ಕೊಲಾಜಿನೇಸ್ ಕಿಣ್ವದಲ್ಲಿ 37 ಡಿಗ್ರಿ ಬಿಸಿಯಲ್ಲಿ ಇಟ್ಟರೆ ಕೋಶಗಳನ್ನು ಹಿಡಿದಿಟ್ಟ ನಾರು ಕರಗುತ್ತದೆ. ಅಲುಗಿಸಿದರೆ ನೀರು ಅಕ್ಕಚ್ಚಿನಂತೆ ಬೆಳ್ಳಗಾಗುತ್ತದೆ. ಹೊಸಬರು ಇದನ್ನು ಕಂಡು ಹಿಗ್ಗುತ್ತಾರೆ, ಎಷ್ಟೊಂದು ಕೋಶ ಸಿಕ್ಕಿತಲ್ಲ ಎಂದು. ಆದರೆ ಆ ಬಿಳುಪೆಲ್ಲ ಟಿ ಕೋಶಗಳದು, ಗಡ್ಡೆಯೊಳಗೆ ಜರಡಿಯಲ್ಲಿ ಇದ್ದ ಎಳೆಯ ಲಿಂಫೋಸೈಟ್‌ಗಳದು. ಬಿ1 ಬಗೆಯಲ್ಲಂತೂ ಇವುಗಳ ನಡುವೆ ನಿಜವಾದ ಗಡ್ಡೆಕೋಶಗಳನ್ನು ಹುಡುಕಬೇಕು. ಲಿಂಫೋಸೈಟ್‌ಗಳು ಫ್ಲಾಸ್ಕಿನ ತಳಕ್ಕೆ ಅಂಟುವುದಿಲ್ಲ, ತೊಳೆದರೆ ಹೋಗುತ್ತವೆ, ಅದೊಂದು ಪುಣ್ಯ.

ತೊಳೆದರೂ ಹೋಗದ ಶತ್ರು ಫೈಬ್ರೋಬ್ಲಾಸ್ಟ್, ಗಡ್ಡೆಯ ನಾರಿನ ಭಾಗದ ಕೋಶ. ರಾಗಿ ಹೊಲಕ್ಕೆ ಕಳೆ ಹೇಗೋ ನಮಗೆ ಇದು ಹಾಗೆ. ಎಪಿಥೀಲಿಯಲ್ ಕೋಶಗಳು ನಾಲ್ಕೈದು ದಿನ ಕಳೆದ ಮೇಲೆ ಕಲ್ಲುಹಾಸಿನಂತೆ ಒಂದಕ್ಕೊಂದು ಅಂಟಿ ಸಣ್ಣ ದ್ವೀಪಗಳಾಗಿ ಕಾಣಿಸಿಕೊಳ್ಳುವಷ್ಟರಲ್ಲಿ ಫೈಬ್ರೋಬ್ಲಾಸ್ಟ್‌ಗಳು ಕದಿರಿನಾಕಾರದಲ್ಲಿ ಸಾಲು ಹಿಡಿದು ಆ ದ್ವೀಪಗಳನ್ನು ಸುತ್ತುವರಿದಿರುತ್ತವೆ. ಕೋಶಗಳ ಅಂಟು ಬಿಡಿಸುವ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿದರೆ ಫೈಬ್ರೋಬ್ಲಾಸ್ಟ್‌ಗಳು ಬೇಗ ಕಳಚಿಕೊಳ್ಳುತ್ತವೆ, ಎಪಿಥೀಲಿಯಲ್ ಕೋಶಗಳು ನಿಧಾನ. ಆ ಎರಡು ಮೂರು ನಿಮಿಷದ ಅಂತರದಲ್ಲೇ ಕಳೆ ಕೀಳಬೇಕು, ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ. ಡಿ-ವ್ಯಾಲಿನ್ ಎಂಬ ಅಮೈನೋ ಆಮ್ಲ ಬಳಸಿದ ಪೋಷಕ ದ್ರಾವಣದಲ್ಲಿ ಫೈಬ್ರೋಬ್ಲಾಸ್ಟ್ ಬೆಳೆಯುವುದಿಲ್ಲ ಎಂದೂ ಹೇಳುತ್ತಾರೆ. ಪುಸ್ತಕದಲ್ಲಿ ಅದು ಚೆನ್ನಾಗಿ ಕಾಣುತ್ತದೆ, ನನ್ನ ಕೈಗೆ ಮಾತ್ರ ಒಗ್ಗಲಿಲ್ಲ. ಎ ಬಗೆಯ ಥೈಮೋಮಾದಲ್ಲಿ ತೊಂದರೆ ಇನ್ನೂ ವಿಚಿತ್ರ: ಅಲ್ಲಿ ಗಡ್ಡೆಯ ಕೋಶಗಳೇ ಕದಿರಿನಾಕಾರದಲ್ಲಿರುತ್ತವೆ. ಬೆಳೆ ಯಾವುದು ಕಳೆ ಯಾವುದು ಎಂದು ಸೂಕ್ಷ್ಮದರ್ಶಕದಲ್ಲಿ ಬರೀ ಆಕಾರ ನೋಡಿದರೆ ತಿಳಿಯದು. ಕೆರಟಿನ್ ಪ್ರೋಟೀನಿಗೆ ಅಂಟುವ ಬಣ್ಣ ಹಾಕಿ ನೋಡಿದ ಮೇಲೆಯೇ ನಂಬಬೇಕು. ತಿಂಗಳುಗಟ್ಟಲೆ ಫೈಬ್ರೋಬ್ಲಾಸ್ಟನ್ನೇ ಸಾಕಿ ಥೈಮೋಮಾ ಎಂದುಕೊಳ್ಳುವ ಅಪಾಯ ನಗುವ ವಿಷಯವಲ್ಲ.

ದಾರಿಗಳು ಇಲ್ಲವೆಂದಲ್ಲ. ವಿಕಿರಣ ಹಾಯಿಸಿ ಬೆಳವಣಿಗೆ ನಿಲ್ಲಿಸಿದ ಇಲಿಯ ಕೋಶಗಳ ಹಾಸಿನ ಮೇಲೆ ಮನುಷ್ಯರ ಚರ್ಮದ ಎಪಿಥೀಲಿಯಲ್ ಕೋಶಗಳನ್ನು ಬೆಳೆಸುವ ವಿಧಾನವನ್ನು ಜೇಮ್ಸ್ ರೈನ್‌ವಾಲ್ಡ್ ಮತ್ತು ಹೊವರ್ಡ್ ಗ್ರೀನ್ 1975ರಲ್ಲೇ ತೋರಿಸಿಕೊಟ್ಟರು. ಥೈಮಸ್ ಕೋಶಗಳಿಗೂ ಅದೇ ಹಾಸು ಒದಗಿತು. 2012ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ಅಂಥ ಹಾಸಿನ ಜೊತೆಗೆ ಕೋಶದ ಒಂದು ಕಿಣ್ವವನ್ನು ತಡೆಯುವ ರಾಸಾಯನಿಕವನ್ನೂ ಸೇರಿಸಿ ರೋಗಿಗಳ ಗಡ್ಡೆಕೋಶಗಳನ್ನು ದೀರ್ಘಕಾಲ ಬೆಳೆಸಬಹುದೆಂದು ವರದಿ ಮಾಡಿದರು. ಥೈಮೋಮಾದ ವಿಚಾರದಲ್ಲೇ ನೋಡಿದರೆ, ಜರ್ಮನಿಯ ಸಂಶೋಧಕರು 2008ರಲ್ಲಿ ಥೈಮೋಮಾ ಮತ್ತು ಥೈಮಸ್ ಕಾರ್ಸಿನೋಮಾ ಎರಡರ ಕೋಶಗಳನ್ನೂ ಬೆಳೆಸಿ ಅವುಗಳ ಮೇಲೆ ಔಷಧಗಳನ್ನು ಪರೀಕ್ಷಿಸಿದರು. ಇಂಡಿಯಾನಾ ವಿಶ್ವವಿದ್ಯಾಲಯದವರು ಎಬಿ ಬಗೆಯ ಗಡ್ಡೆಯಿಂದ ಬೆಳೆಸಿದ ಐಯು-ಟ್ಯಾಬ್-1 ಎಂಬ ಕೋಶಸಂತತಿಯನ್ನು, ಎಂದರೆ ಫ್ಲಾಸ್ಕಿನಲ್ಲಿ ತಲೆಮಾರುಗಟ್ಟಲೆ ಬೆಳೆಯುತ್ತಲೇ ಇರುವ ಕೋಶಗಳನ್ನು, 2012ರಲ್ಲಿ ಪ್ರಕಟಿಸಿದರು. ಜಪಾನಿನ 22 ವರ್ಷದ ಯುವತಿಯೊಬ್ಬಳ ಥೈಮಸ್ ಕ್ಯಾನ್ಸರಿನಿಂದ ಬಂದ ಟಿವೈ-82 ಇನ್ನೂ ಹಳೆಯದು. ಅದರ 15 ಮತ್ತು 19ನೇ ವರ್ಣತಂತುಗಳ ನಡುವೆ ತುಂಡುಗಳು ಅದಲುಬದಲಾಗಿವೆ; ಇಂಥ ಅದಲುಬದಲು ನಟ್ ಕಾರ್ಸಿನೋಮಾ ಎಂಬ ಬೇರೆಯದೇ ಕ್ಯಾನ್ಸರಿನ ಗುರುತೆಂದು ಆಮೇಲೆ ತಿಳಿಯಿತು. ಸ್ತನ ಕ್ಯಾನ್ಸರಿನ ಅಥವಾ ಶ್ವಾಸಕೋಶದ ಕ್ಯಾನ್ಸರಿನ ಕೋಶಸಂತತಿಗಳು ಹತ್ತಾರು ಇರುವಲ್ಲಿ ಥೈಮಸ್ಸಿನವು ಬೆರಳೆಣಿಕೆಯಷ್ಟು ಮಾತ್ರ. 2014ರಲ್ಲಿ ಥೈಮೋಮಾದಲ್ಲಿ, ಮುಖ್ಯವಾಗಿ ಎ ಮತ್ತು ಎಬಿ ಬಗೆಗಳಲ್ಲಿ, ಜಿಟಿಎಫ್2ಐ ಎಂಬ ಜೀನಿನ ಒಂದೇ ಒಂದು ಜಾಗದಲ್ಲಿ ಮತ್ತೆ ಮತ್ತೆ ಬದಲಾವಣೆಯಾಗಿರುವುದು ಗೊತ್ತಾಯಿತು. ಬೇರೆ ಕ್ಯಾನ್ಸರ್‌ಗಳಲ್ಲಿ ಅಷ್ಟಾಗಿ ಕಾಣದ ಈ ಬದಲಾವಣೆ ಕೋಶಕ್ಕೆ ಏನು ಮಾಡುತ್ತದೆಂದು ತಿಳಿಯಬೇಕಾದರೆ ಅದು ಇರುವ ಜೀವಂತ ಕೋಶಗಳೇ ಕೈಯಲ್ಲಿರಬೇಕಲ್ಲವೇ?

ನನ್ನ ಸೇವೆಯ ಅವಧಿಯಲ್ಲಿ ಥೈಮೋಮಾದ ಚೂರು ನಮ್ಮ ಪ್ರಯೋಗಾಲಯಕ್ಕೆ ಬಂದದ್ದು ಮೂರೇ ಸಲ. ಮೊದಲನೆಯದನ್ನು ಶುಕ್ರವಾರ ತೆಗೆದು ಬರೀ ಸಲೈನ್‌ನಲ್ಲಿ ಇಟ್ಟು ಸೋಮವಾರ ಕಳಿಸಿದ್ದರು. ಟ್ರಿಪಾನ್ ಬ್ಲೂ ಎಂಬ ಬಣ್ಣ ಸತ್ತ ಕೋಶದೊಳಕ್ಕೆ ಮಾತ್ರ ನುಗ್ಗುತ್ತದೆ; ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಾಗ ಅಷ್ಟೂ ನೀಲಿ. ಎರಡನೆಯದು ಮಳೆಗಾಲದ್ದು, ಆರನೇ ದಿನ ಬೂಸ್ಟು ಹಿಡಿಯಿತು. ಮೂರನೆಯದು ಬಿ2. ಅದು ಹತ್ತೊಂಬತ್ತು ದಿನ ಬದುಕಿತು. ಹನ್ನೊಂದನೇ ದಿನ ಬೆಳಿಗ್ಗೆ ಇನ್‌ಕ್ಯುಬೇಟರಿನ ಬಾಗಿಲು ತೆರೆದಾಗ ಗುಲಾಬಿ ಬಣ್ಣದ ದ್ರಾವಣ ಅಂಚಿನಲ್ಲಿ ಸ್ವಲ್ಪ ಹಳದಿಗೆ ತಿರುಗಿತ್ತು. ಒಳಗಿನವು ತಿಂದು ಹುಳಿ ಬಿಡುತ್ತಿವೆ, ಬದುಕಿವೆ ಎಂದರ್ಥ. ಫ್ಲಾಸ್ಕನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಕಲ್ಲುಹಾಸಿನ ಏಳು ದ್ವೀಪಗಳಿದ್ದವು. ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದೆ. ಹದಿನೈದರ ಹೊತ್ತಿಗೆ ನಾಲ್ಕು, ಹತ್ತೊಂಬತ್ತಕ್ಕೆ ಒಂದೂ ಇಲ್ಲ, ಬರೀ ಕದಿರುಗಳ ಸಾಲು. ಇನ್ನೊಂದು ಚೂರು ಸಿಕ್ಕಿದ್ದರೆ ತಪ್ಪು ತಿದ್ದಿಕೊಳ್ಳಬಹುದಿತ್ತು. ನಿವೃತ್ತಿಯವರೆಗೂ ಸಿಗಲಿಲ್ಲ. ಕೈ ಪಳಗುವುದು ಪದೇ ಪದೇ ಮಾಡಿದಾಗ. ಚೂರೇ ಬಾರದಿದ್ದರೆ ಪಳಗುವುದೆಲ್ಲಿಂದ?

ಇಲ್ಲಿ ಪೆಥಾಲಜಿ ವೈದ್ಯರ, ಎಂದರೆ ತೆಗೆದ ಗಡ್ಡೆಯನ್ನು ಪರೀಕ್ಷಿಸಿ ವರದಿ ಕೊಡುವವರ, ಆಕ್ಷೇಪವೊಂದಿದೆ, ಅದು ನ್ಯಾಯವಾದದ್ದೂ ಹೌದು. ಥೈಮೋಮಾ ಎಷ್ಟು ಮುಂದುವರಿದಿದೆ ಎಂದು ನಿರ್ಧರಿಸುವುದು ಅದು ತನ್ನ ಹೊರಕವಚವನ್ನು ದಾಟಿದೆಯೇ ಇಲ್ಲವೇ ಎಂಬುದರ ಮೇಲೆ. ಅಕಿರಾ ಮಸಾವೊಕಾ ಅವರು 1981ರಲ್ಲಿ ಹಾಕಿಕೊಟ್ಟ ಹಂತಗಳಿಗೆ ಆಧಾರವೇ ಅದು. ಥಿಯೇಟರಿನಲ್ಲಿ ಯಾರೋ ಅವಸರಕ್ಕೆ ಬ್ಲೇಡ್ ಹಾಕಿ ಕವಚ ಹರಿದರೆ ರೋಗಿಗೆ ಮುಂದೆ ವಿಕಿರಣ ಚಿಕಿತ್ಸೆ ಬೇಕೋ ಬೇಡವೋ ಎಂಬ ತೀರ್ಮಾನವೇ ಕೆಡುತ್ತದೆ. ಸಂಶೋಧನೆಗಾಗಿ ರೋಗಿಯ ವರದಿಯನ್ನು ಬಲಿಕೊಡಿ ಎಂದು ನಾನು ಖಂಡಿತ ಹೇಳುತ್ತಿಲ್ಲ. ನಾನು ಕೇಳುತ್ತಿರುವುದು ಇಷ್ಟು: ಗಡ್ಡೆಯನ್ನು ಫಾರ್ಮಲಿನ್‌ಗೆ ಹಾಕದೆ, ಇಡಿಯಾಗಿ, ಮಂಜುಗಡ್ಡೆಯ ಮೇಲೆ ಪೆಥಾಲಜಿ ವಿಭಾಗಕ್ಕೆ ಕಳಿಸಬೇಕು, ಅಲ್ಲಿನ ವೈದ್ಯರು ಹೊರಮೈಗೆ ಶಾಯಿ ಬಳಿದು, ತಮಗೆ ಬೇಕಾದ ಭಾಗಗಳನ್ನೆಲ್ಲ ಗುರುತು ಮಾಡಿಕೊಂಡ ಮೇಲೆ, ಕವಚಕ್ಕೆ ದೂರವಾದ ಒಳಭಾಗದಿಂದ ಸಣ್ಣ ಚೂರನ್ನು ತಾವೇ ಕತ್ತರಿಸಿ ಕೊಡಬೇಕು, ಗಡ್ಡೆ ಚಿಕ್ಕದಾಗಿದ್ದರೆ, ಅನುಮಾನವಿದ್ದರೆ, ಕೊಡದೆ ಇರುವ ಪೂರ್ಣ ಅಧಿಕಾರ ಅವರಿಗಿರಬೇಕು. ಇದರಿಂದ ಆಗುವ ತಡ ಅರ್ಧ ಗಂಟೆಯದು.

ಇನ್ನೊಂದು ಸಂಗತಿ ಒಪ್ಪಿಗೆಯದು, ನನ್ನ ಅಸಮಾಧಾನವಿರುವುದು ಇಲ್ಲಿ. ನನ್ನ ತಂಗಿ ಸಹಿ ಹಾಕಿದ ಪತ್ರ ಇಂಗ್ಲಿಷಿನಲ್ಲಿತ್ತು. ಸ್ಟ್ರೆಚರಿನ ಮೇಲೆ ಮಲಗಿದ್ದಾಗ, ಕಾರಿಡಾರಿನಲ್ಲಿ, ಪೆನ್ನು ಕೈಗೆ ಕೊಟ್ಟು ಬೆರಳಿಟ್ಟ ಜಾಗದಲ್ಲಿ ಹಾಕಿಸಿಕೊಂಡರು. ತೆಗೆದ ಅಂಗಾಂಶವನ್ನು ಶಿಕ್ಷಣ ಮತ್ತು ಸಂಶೋಧನೆಗೆ ಬಳಸಬಹುದು ಎಂಬ ಸಾಲು ಅದರ ಕೊನೆಯಲ್ಲಿತ್ತೆಂದು ನಾನು ಆಮೇಲೆ ಓದಿ ತಿಳಿದದ್ದು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದವಳಿಗೆ ಅವಳ ದೇಹದ ಬಗೆಗಿನ ಪತ್ರವನ್ನು ಕನ್ನಡದಲ್ಲಿ ಕೊಡಲಿಲ್ಲ. ಹೀಗೆ ಪಡೆದ ಒಪ್ಪಿಗೆಯ ಬಲದ ಮೇಲೆ ಕೋಶಗಳನ್ನು ಬೆಳೆಸುವುದಾದರೆ ಅದನ್ನು ನಾನೇ ವಿರೋಧಿಸುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಗಳು ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕೆಂದು ಹೇಳುತ್ತವೆ. ಅಂಗಾಂಶಗಳನ್ನು ಸಂಗ್ರಹಿಸಿಡುವ ಬಗ್ಗೆ ಪ್ರತ್ಯೇಕ ಅಧ್ಯಾಯವೇ ಅದರಲ್ಲಿದೆ. 1951ರಲ್ಲಿ ಬಾಲ್ಟಿಮೋರಿನ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅವರನ್ನು ಕೇಳದೆಯೇ ಅವರ ಕೋಶಗಳನ್ನು ಬೆಳೆಸಿದ ಕಥೆ ಬಹಳ ಓದುಗರಿಗೆ ಗೊತ್ತಿದೆ. ಹೀಲಾ ಎಂದು ಹೆಸರಾದ ಆ ಕೋಶಗಳು ಕೈತಪ್ಪಿ ಬೇರೆ ಫ್ಲಾಸ್ಕುಗಳಿಗೆ ಸೇರಿ, ಬೇರೆ ಬೇರೆ ಹೆಸರಿನ 18 ಕೋಶಸಂತತಿಗಳು ನಿಜದಲ್ಲಿ ಹೀಲಾವೇ ಎಂದು 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಬಯಲಿಗೆಳೆದದ್ದು ಅಷ್ಟಾಗಿ ಗೊತ್ತಿಲ್ಲ. ಆದ್ದರಿಂದ ಇಂದು ಬೆಳೆಸಿದ ಕೋಶಗಳ ಡಿಎನ್‌ಎ ಗುರುತನ್ನು ರೋಗಿಯ ರಕ್ತದೊಂದಿಗೆ ಹೋಲಿಸಿ ನೋಡುವುದು ಕಡ್ಡಾಯದಂತೆ ನಡೆಯುತ್ತದೆ. ಅದಕ್ಕೂ ರೋಗಿಯ ಒಂದು ಚಮಚ ರಕ್ತ, ಅದಕ್ಕೂ ಒಪ್ಪಿಗೆ ಬೇಕು. ಶಸ್ತ್ರಚಿಕಿತ್ಸೆಯ ಒಪ್ಪಿಗೆಯೇ ಬೇರೆ, ಇದೇ ಬೇರೆ ಎಂದು ಎರಡು ಹಾಳೆ ಮಾಡಿ, ಹಿಂದಿನ ದಿನ ವಾರ್ಡಿನಲ್ಲಿ ಕುಳಿತು, ಬೇಡವೆಂದರೂ ಚಿಕಿತ್ಸೆಗೆ ಏನೂ ಕೊರತೆಯಾಗದು ಎಂದು ಕನ್ನಡದಲ್ಲಿ ಹೇಳುವ ಒಬ್ಬರು ಇದ್ದರೆ ಸಾಕು. ಹಿಂದಿ, ಉರ್ದು, ತೆಲುಗಿನವರಿಗೆ ಅವರವರ ಭಾಷೆಯಲ್ಲಿ.

ಬೆಂಗಳೂರಿನಲ್ಲಿ ಮಯಸ್ತೇನಿಯಾ ರೋಗಿಗಳನ್ನು ನೋಡುವ ನಿಮ್ಹಾನ್ಸ್ ಇದೆ, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇದೆ, ಕೋಶ ಬೆಳೆಸಲು ಬಲ್ಲ ಪ್ರಯೋಗಾಲಯಗಳು ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಜಿಕೆವಿಕೆ ಆವರಣದಲ್ಲೂ ಇವೆ. ಬೆಳೆದ ಕೋಶಸಂತತಿಗಳನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕಾಪಾಡಿ ಬೇಕಾದವರಿಗೆ ಕೊಡುವ ಭಂಡಾರ ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರದಲ್ಲಿದೆ. ಖರ್ಚೂ ಅಂಥದ್ದೇನಲ್ಲ. ಪೋಷಕ ದ್ರಾವಣಕ್ಕೆ ಆ್ಯಂಟಿಬಯೋಟಿಕ್ ಸೇರಿಸಿದ ಐವತ್ತು ಎಂಎಲ್‌ನ ಟ್ಯೂಬೊಂದು ಪೆಥಾಲಜಿ ವಿಭಾಗದ ಫ್ರಿಜ್ಜಿನಲ್ಲಿ ತಾರೀಖು ಬರೆದು ಸಿದ್ಧವಾಗಿರಬೇಕು, ಒಂದು ಥರ್ಮಕೋಲ್ ಡಬ್ಬಿ, ಬೈಕಿನಲ್ಲಿ ತಂದುಕೊಡುವ ಒಬ್ಬ ಹುಡುಗ. ಅದಕ್ಕಿಂತ ಮುಖ್ಯವಾದದ್ದು ಫೋನು. ಕಿಣ್ವ ಕರಗಿಸಿ, ಹಾಸಿನ ಕೋಶಗಳನ್ನು ಹಿಂದಿನ ದಿನವೇ ಬಿತ್ತಿ, ಹುಡ್ ಖಾಲಿ ಇಟ್ಟುಕೊಂಡು ಕಾಯುವವರಿಗೆ ಮಾತ್ರ ಈ ಚೂರು ದಕ್ಕುತ್ತದೆ. ಬುಧವಾರ ಥೈಮೋಮಾದ ಶಸ್ತ್ರಚಿಕಿತ್ಸೆ ಇದೆಯೆಂದರೆ ಮಂಗಳವಾರ ಬೆಳಿಗ್ಗೆಯೇ ಆಸ್ಪತ್ರೆಯಿಂದ ಪ್ರಯೋಗಾಲಯಕ್ಕೆ ಒಂದು ಕರೆ ಹೋಗಬೇಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞ, ಬೆಂಗಳೂರು